ಬೆಳಗಾವಿ ಜಿಲ್ಲೆಯ ಪ್ರಸೂತಿ ಸಂಶೋಧನೆಗಳು

ಹೆರಿಗೆಯ ಕಾಲದಲ್ಲಿ ತಾಯಿಗೂ ಶಿಶುವಿಗೂ ಒದಗುವ ಅಪಾಯಗಳನ್ನು ತಗ್ಗಿಸುವ ಉದ್ದೇಶದಿಂದ, ಬೆಳಗಾವಿಯ ಕೆ.ಎಲ್.ಇ. ಸಂಸ್ಥೆಯ ಜವಾಹರಲಾಲ್ ನೆಹರು ವೈದ್ಯಕೀಯ ಮಹಾವಿದ್ಯಾಲಯವನ್ನು ಕೇಂದ್ರವಾಗಿಟ್ಟುಕೊಂಡು, ಇಪ್ಪತ್ತೊಂದನೆಯ ಶತಮಾನದ ಆರಂಭದಿಂದ ಈ ಜಿಲ್ಲೆಯ ಹಾಗೂ ಇದರ ನೆರೆಹೊರೆಯ ಗ್ರಾಮಾಂತರ ಪ್ರದೇಶಗಳಲ್ಲಿ ನಡೆದುಬಂದಿರುವ ಪರೀಕ್ಷಣಗಳ ಪರಂಪರೆ. ವಿಷಯವು ಮೇಲುನೋಟಕ್ಕೆ ವೈದ್ಯಶಾಸ್ತ್ರಕ್ಕೆ ಮಾತ್ರ ಸೇರಿದುದಾಗಿ ತೋರಿದರೂ, ರಕ್ತವನ್ನು ಅಳೆಯುವ ಪ್ಲಾಸ್ಟಿಕ್ ಹಾಳೆ, ಬಿಸಿಲಿಗೆ ಕೆಡದ ಔಷಧದ ಅಣುರಚನೆ, ನಾಡಿ ಮತ್ತು ರಕ್ತದೊತ್ತಡಗಳ ಗಣಿತ, ಶರ್ಕರದ ಕವಚದೊಳಗಿನ ಕಬ್ಬಿಣದ ಕಣ ಇವೆಲ್ಲವೂ ಇದರೊಳಗೆ ಬರುವುದರಿಂದ, ಭೌತವಿಜ್ಞಾನ ಮತ್ತು ದ್ರವ್ಯವಿಜ್ಞಾನಗಳನ್ನು ಬಿಟ್ಟು ಇದನ್ನು ವಿವರಿಸುವುದು ಸಾಧ್ಯವಿಲ್ಲ.

1916ರಲ್ಲಿ ಬೆಳಗಾವಿಯಲ್ಲಿ ಜನ್ಮತಾಳಿದ ಕರ್ನಾಟಕ ಲಿಂಗಾಯತ ವಿದ್ಯಾವರ್ಧಕ ಸಂಸ್ಥೆಯು 1963ರಲ್ಲಿ ಈ ವೈದ್ಯಕೀಯ ಮಹಾವಿದ್ಯಾಲಯವನ್ನು ತೆರೆಯಿತು. 2001ರಲ್ಲಿ ಅಮೆರಿಕದ ರಾಷ್ಟ್ರೀಯ ಶಿಶು ಆರೋಗ್ಯ ಮತ್ತು ಮಾನವ ವಿಕಾಸ ಸಂಸ್ಥೆಯು ಸ್ತ್ರೀಯರ ಮತ್ತು ಮಕ್ಕಳ ಆರೋಗ್ಯ ಸಂಶೋಧನೆಗಾಗಿ ಒಂದು ಜಾಗತಿಕ ಜಾಲವನ್ನು ಏರ್ಪಡಿಸಿದಾಗ ಬೆಳಗಾವಿಯು ಅದರ ಭಾರತೀಯ ಕೇಂದ್ರಗಳಲ್ಲೊಂದಾಯಿತು. ಬಿ. ಎಸ್. ಕೊಡ್ಕಣಿ, ಶಿವಪ್ರಸಾದ ಗೌಡರ, ಮೃತ್ಯುಂಜಯ ಬೆಲ್ಲದ ಮೊದಲಾದವರ ಹೆಸರುಗಳು, ಅಮೆರಿಕದ ರಿಚರ್ಡ್ ಡರ್ಮನ್ ಮತ್ತು ಸ್ಟೇಸಿ ಗೆಲ್ಲರ್ ಅವರ ಹೆಸರುಗಳೊಡನೆ, ಈ ಕೇಂದ್ರದ ಪ್ರಕಟಣೆಗಳಲ್ಲಿ ಮತ್ತೆ ಮತ್ತೆ ಕಾಣಬರುತ್ತವೆ.

ಸಂಶೋಧನೆಯ ಪ್ರಶ್ನೆಗಳನ್ನು ರೂಪಿಸಿದುದು ಮುಖ್ಯವಾಗಿ ಈ ಸೀಮೆಯ ಭೂಗೋಳ. ಏಳುಕೊಳ್ಳದ ಯಲ್ಲಮ್ಮನ ಗುಡ್ಡದ ಮಗ್ಗುಲಿನ ಉಗರಗೋಳ, ನವಿಲುತೀರ್ಥದ ಅಣೆಕಟ್ಟಿನ ಆಸುಪಾಸಿನ ಹಳ್ಳಿಗಳು, ಬೈಲಹೊಂಗಲ ಕಿತ್ತೂರುಗಳ ಎರೆಹೊಲಗಳ ನಡುವಣ ಊರುಗಳು, ರಾಮದುರ್ಗದ ಕಡೆಯ ಕಲ್ಲುಗುಡ್ಡಗಳ ಸಂದಿಯ ಓಣಿಗಳು, ಇವೆಲ್ಲಕ್ಕೂ ಜಿಲ್ಲಾಕೇಂದ್ರವು ಹೆಸರಿಗೆ ಬೆಳಗಾವಿಯಾದರೂ, ಸವದತ್ತಿಯವರಿಗೆ ಸುಮಾರು 40 ಕಿಲೋಮೀಟರು ದೂರದ ಧಾರವಾಡವೇ ಹತ್ತಿರ. ಮಳೆಗಾಲದಲ್ಲಿ ಎರೆಯ ದಾರಿ ಕೆಸರಾಗುತ್ತದೆ. ಚೈತ್ರ ವೈಶಾಖಗಳಲ್ಲಿ ಬಿಸಿಲು ಕಾಯುತ್ತದೆ. ಮೊದಲ ಹೆರಿಗೆಗೆ ಹೆಣ್ಣುಮಗಳು ತವರಿಗೆ ಹೋಗತಕ್ಕದ್ದೆಂಬುದು ಇಲ್ಲಿಯ ನಡವಳಿಕೆ. ಆದ್ದರಿಂದ ಗಂಡನ ಊರಿನಲ್ಲಿ ಬಸುರಿಯೆಂದು ದಾಖಲಾದವಳು ಹಡೆಯುವ ಹೊತ್ತಿಗೆ ಬೇರೊಂದು ತಾಲೂಕಿನಲ್ಲಿರುವುದುಂಟು. ಲೆಕ್ಕ ಹಿಡಿಯುವವರಿಗೆ ಇದು ಸಣ್ಣ ತೊಡಕಲ್ಲ.

ಪರಂಪರೆಯ ಮೊದಲನೆಯ ಮತ್ತು ಇಂದಿಗೂ ಅತ್ಯಂತ ಪ್ರಸಿದ್ಧವಾದ ಪರೀಕ್ಷಣವು ಪ್ರಸವೋತ್ತರ ರಕ್ತಸ್ರಾವಕ್ಕೆ ಸಂಬಂಧಿಸಿದುದು. ತುಂಬುಗರ್ಭದಲ್ಲಿ ಗರ್ಭಾಶಯದ ಮೂಲಕ ನಿಮಿಷಕ್ಕೆ 500ರಿಂದ 700 ಮಿಲಿಲೀಟರಿನಷ್ಟು ರಕ್ತ ಹರಿಯುತ್ತಿರುತ್ತದೆ. ಕೂಸು ಹುಟ್ಟಿ ಮಾಸು ಕಳಚಿದ ಮೇಲೆ, ಅದು ಅಂಟಿಕೊಂಡಿದ್ದ ಜಾಗದ ರಕ್ತನಾಳಗಳ ಬಾಯಿಗಳು ತೆರೆದೇ ಉಳಿಯುವುವಾದರೂ, ಅವುಗಳ ಸುತ್ತ ಹೆಣೆದುಕೊಂಡಿರುವ ಸ್ನಾಯುತಂತುಗಳು ಸಂಕೋಚಗೊಂಡು, ಚೀಲದ ಬಾಯಿಯ ಲಾಡಿಯನ್ನು ಎಳೆದು ಬಿಗಿದಂತೆ ಅವನ್ನು ಮುಚ್ಚಿಬಿಡುತ್ತವೆ. ಸ್ನಾಯುವು ಸೋತು ಸಡಿಲವಾಗಿಯೇ ಉಳಿದರೆ, ಅದಕ್ಕೆ ಮುನ್ನ ಯಾವ ಕಾಯಿಲೆಯೂ ಇಲ್ಲದಿದ್ದ ತಾಯಿಯು ಎರಡು ಮೂರು ಗಂಟೆಗಳೊಳಗಾಗಿ ಅಸುನೀಗಬಹುದು. ರಕ್ತಹೀನತೆಯಿಂದ ಮೊದಲೇ ಬಳಲಿದವಳಾದರೆ ಅಷ್ಟು ಹೊತ್ತೂ ಬೇಕಾಗದು.

ಸ್ನಾಯುವನ್ನು ಬಿಗಿಗೊಳಿಸುವ ಔಷಧ ಲೋಕಕ್ಕೆ ಹೊಸದೇನಲ್ಲ. ಪಿಟ್ಯುಟರಿ ಗ್ರಂಥಿಯ ಸಾರಕ್ಕೆ ಈ ಗುಣವುಂಟೆಂಬುದನ್ನು ಹೆನ್ರಿ ಡೇಲ್ 1906ರಲ್ಲಿಯೇ ಕಂಡಿದ್ದನು. ಅದರೊಳಗಿನ ಆಕ್ಸಿಟೋಸಿನ್ ಎಂಬ ವಸ್ತುವನ್ನು 1953ರಲ್ಲಿ ಪ್ರಯೋಗಶಾಲೆಯಲ್ಲಿ ಸಂಶ್ಲೇಷಿಸಿದ ವಿನ್ಸೆಂಟ್ ಡು ವಿನ್ಯೋನಿಗೆ 1955ರ ನೊಬೆಲ್ ಪಾರಿತೋಷಕ ದೊರೆಯಿತು. ಆದರೆ ಅದನ್ನು ಚುಚ್ಚಬೇಕು. ಚುಚ್ಚುವ ಕೈ ಬೇಕು. ಅದಕ್ಕಿಂತಲೂ ಮುಖ್ಯವಾಗಿ, 2ರಿಂದ 8 ಡಿಗ್ರಿಯೊಳಗಿನ ತಂಪು ಬೇಕು. ಕರೆಂಟು ಹೋಗಿಬರುವ ಉಪಕೇಂದ್ರದಲ್ಲಿ ಈ ಮೂರೂ ಏಕಕಾಲಕ್ಕೆ ಕೂಡಿಬರುವುದು ದೈವಯೋಗವೆನ್ನಬೇಕು.

ಬೆಳಗಾವಿಯ ಸಂಶೋಧಕರು ಆರಿಸಿಕೊಂಡ ಮಿಸೊಪ್ರೊಸ್ಟಾಲ್ ಹೊಟ್ಟೆಯ ಹುಣ್ಣಿಗೆಂದು ಹುಟ್ಟಿದ ಔಷಧ. ಗರ್ಭಾಶಯವನ್ನು ಸಂಕೋಚಿಸುವ ಶಕ್ತಿ ಅದಕ್ಕಿರುವುದು ಆಮೇಲೆ ಪ್ರಯೋಜನಕ್ಕೆ ಬಂದ ಗುಣ. ಶುದ್ಧ ರೂಪದಲ್ಲಿ ಇದೊಂದು ಮಂದವಾದ ಎಣ್ಣೆ, ಬೇಗ ಕೆಡುವಂಥದು. ಸಸ್ಯದ ನಾರಿನಿಂದ ತಯಾರಾಗುವ ಒಂದು ಪಾಲಿಮರಿನಲ್ಲಿ ನೂರಕ್ಕೆ ಒಂದರ ಪ್ರಮಾಣದಲ್ಲಿ ಇದನ್ನು ಚದುರಿಸಿಟ್ಟಾಗ ಮಾತ್ರ ಗುಳಿಗೆ ಮಾಡುವಷ್ಟು ಸ್ಥಿರತೆ ಬರುತ್ತದೆ. ಆ ಮೇಲೂ ತೇವ ತಗುಲಿದರೆ ಗುಣ ಕಳೆದುಕೊಳ್ಳುವುದರಿಂದ, ಎರಡೂ ಮಗ್ಗುಲಿಗೆ ಅಲ್ಯೂಮಿನಿಯಂ ತಗಡಿರುವ ಪಟ್ಟಿಯಲ್ಲಿಯೇ ಇದನ್ನು ಕಟ್ಟಬೇಕಾಗುತ್ತದೆ. ಅಗ್ಗದ ಪ್ಲಾಸ್ಟಿಕ್ ಪಟ್ಟಿಯಲ್ಲಿ ಬಂದ ಗುಳಿಗೆಯು ಹೆಸರಿಗಷ್ಟೇ ಮಿಸೊಪ್ರೊಸ್ಟಾಲ್ ಆಗಿರಬಹುದು. ಔಷಧದ ಗುಣವು ಅದರ ಹೊದಿಕೆಯನ್ನು ಅವಲಂಬಿಸಿರುತ್ತದೆಂಬ ಈ ಸಂಗತಿಯನ್ನು ವೈದ್ಯಗ್ರಂಥಗಳು ಅಡಿಟಿಪ್ಪಣಿಗೆ ಸರಿಸುವುದುಂಟು. ಅದು ಮೊದಲ ಪುಟದಲ್ಲಿರಬೇಕಾದ ಮಾತು.

2002ರ ಸೆಪ್ಟೆಂಬರಿನಿಂದ 2005ರ ಡಿಸೆಂಬರಿನವರೆಗೆ, ಜಿಲ್ಲೆಯ ನಾಲ್ಕು ಪ್ರಾಥಮಿಕ ಆರೋಗ್ಯ ಕೇಂದ್ರಗಳ ವ್ಯಾಪ್ತಿಯಲ್ಲಿ 1620 ಸ್ತ್ರೀಯರ ಮೇಲೆ ಪರೀಕ್ಷಣ ನಡೆಯಿತು. ಹೆರಿಗೆ ಮಾಡಿಸಿದವರು ತಜ್ಞವೈದ್ಯರಲ್ಲ; ಊರವರು ನರ್ಸಬಾಯಿ ಎಂದು ಕರೆಯುವ 25 ಮಂದಿ ಆರೋಗ್ಯ ಸಹಾಯಕಿಯರು. ಚೀಟಿ ಎತ್ತಿದಂಥ ಆಕಸ್ಮಿಕ ಕ್ರಮದಲ್ಲಿ 812 ಬಾಣಂತಿಯರಿಗೆ 600 ಮೈಕ್ರೊಗ್ರಾಮಿನ ಔಷಧವನ್ನೂ 808 ಮಂದಿಗೆ ನೋಡಲು ಅದರಂತೆಯೇ ಇರುವ ಹುಸಿಗುಳಿಗೆಯನ್ನೂ ಕೊಡಲಾಯಿತು. ಯಾರಿಗೆ ಯಾವುದು ಸಂದಿತೆಂಬುದು ಕೊಟ್ಟವಳಿಗೂ ತಿಳಿಯದು, ನುಂಗಿದವಳಿಗೂ ತಿಳಿಯದು. 500 ಮಿಲಿಲೀಟರು ಅಥವಾ ಅದಕ್ಕೂ ಹೆಚ್ಚಿನ ರಕ್ತಸ್ರಾವವು ಹುಸಿಗುಳಿಗೆಯವರಲ್ಲಿ ಶೇಕಡ 12.0 ಆಗಿದ್ದುದು ಔಷಧ ಪಡೆದವರಲ್ಲಿ ಶೇಕಡ 6.4ಕ್ಕೆ ಇಳಿಯಿತು, ಒಂದು ಲೀಟರನ್ನು ಮುಟ್ಟಿದ ಉಗ್ರಸ್ರಾವವು ಶೇಕಡ 1.2ರಿಂದ 0.2ಕ್ಕೆ ಇಳಿಯಿತು. ಹದಿನೆಂಟು ಮಂದಿಗೆ ಗುಳಿಗೆ ಕೊಟ್ಟರೆ ಒಬ್ಬಳ ರಕ್ತಸ್ರಾವ ತಪ್ಪುವುದೆಂದು ಲೆಕ್ಕವಾಯಿತು. ಚಳಿ ಮತ್ತು ಜ್ವರ ಸ್ವಲ್ಪ ಹೊತ್ತು ಕಾಡಿದುವು, ಬೇಗನೆ ಇಳಿದುವು. 2006ರಲ್ಲಿ ಲ್ಯಾನ್ಸೆಟ್ ಪತ್ರಿಕೆಯು ಪ್ರಕಟಿಸಿದ ಈ ವರದಿಯು ಅನಂತರದ ಚರ್ಚೆಗಳಿಗೆಲ್ಲ ಆಧಾರವಾಗಿ, 2011ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಈ ಉಪಯೋಗಕ್ಕಾಗಿ ಮಿಸೊಪ್ರೊಸ್ಟಾಲನ್ನು ತನ್ನ ಅತ್ಯಾವಶ್ಯಕ ಔಷಧಗಳ ಪಟ್ಟಿಗೆ ಸೇರಿಸಿತು. ಔಷಧವುಂಟೆಂದು ತಿಳಿದೂ ಅರ್ಧದಷ್ಟು ಮಂದಿಗೆ ಹುಸಿಗುಳಿಗೆ ಕೊಟ್ಟುದು ಸರಿಯೇ ಎಂಬ ಆಕ್ಷೇಪ ಏಳದಿರಲಿಲ್ಲ. ಸಹಾಯಕಿಯರ ಕೈಯಲ್ಲಿ ಅಂದು ಗರ್ಭಾಶಯ ಸಂಕೋಚಕವಾವುದೂ ಇರಲಿಲ್ಲವೆಂಬುದು ಅದಕ್ಕೆ ಸಿದ್ಧವಾದ ಉತ್ತರ. ಉತ್ತರವು ನ್ಯಾಯವಾದುದೇ, ಆದರೆ ಆಕ್ಷೇಪವೂ ಪೂರ್ಣ ಶಮನವಾಗುವ ಜಾತಿಯದಲ್ಲ.

ಈ ಪರೀಕ್ಷಣದ ಇನ್ನೊಂದು ಫಲವು ಗುಳಿಗೆಗಿಂತಲೂ ದೀರ್ಘಾಯುವಾಯಿತು. ಸುರಿದ ರಕ್ತವೆಷ್ಟೆಂದು ತಿಳಿಯದೆ ಔಷಧ ಫಲಿಸಿತೇ ಇಲ್ಲವೇ ಎಂದು ಹೇಳುವಂತಿಲ್ಲ; ಕೌದಿಗೆ, ಸೀರೆಗೆ, ಹಾಸಿದ ಗೋಣಿತಾಟಿಗೆ ಇಂಗಿದ ರಕ್ತವನ್ನು ಕಣ್ಣಂದಾಜಿನಲ್ಲಿ ಹೇಳುವುದು ಎಷ್ಟೇ ಪಳಗಿದವರಿಗೂ ಅಸಾಧ್ಯ. ಅದಕ್ಕಾಗಿ ಬೆಳಗಾವಿಯ ಮತ್ತು ಅಮೆರಿಕದ ಏಳು ಮಂದಿ ಸಹಕಾರಿಗಳು ಒಂದು ಅಗ್ಗದ ಪ್ಲಾಸ್ಟಿಕ್ ಹಾಳೆಯನ್ನು ರಚಿಸಿ, ತಮ್ಮ ಹೆಸರುಗಳ ಮೊದಲ ಅಕ್ಷರಗಳನ್ನು ಕೂಡಿಸಿ ಅದಕ್ಕೆ ‘ಬ್ರಾಸ್-ವಿ’ ಎಂದು ಹೆಸರಿಟ್ಟರು. ಕೂಸು ಹೊರಬಂದು ಗರ್ಭೋದಕವೆಲ್ಲ ಹರಿದುಹೋದ ಮೇಲೆ ತಾಯಿಯ ಕೆಳಗೆ ಈ ಹಾಳೆಯನ್ನು ಸರಿಸಿ, ಅದರ ಮೇಲಂಚಿನ ಪಟ್ಟಿಗಳನ್ನು ಅವಳ ನಡುವಿಗೆ ಸಡಿಲವಾಗಿ ಕಟ್ಟುತ್ತಾರೆ. ಹಾಳೆಯ ಕೆಳತುದಿಯು ಕಿರಿದಾಗುತ್ತ ಬಂದು ಪಾರದರ್ಶಕವಾದ ಒಂದು ಚೀಲವಾಗಿ ಮಂಚದ ಅಂಚಿನಿಂದ ಜೋತುಬೀಳುತ್ತದೆ; ಚೀಲದ ಮೈಮೇಲೆ ಮಿಲಿಲೀಟರುಗಳ ಗೆರೆಗಳು. ರಕ್ತವು ತನ್ನ ಭಾರದಿಂದ ತಾನೇ ಇಳಿದು ಚೀಲದಲ್ಲಿ ಕೂಡುತ್ತದೆ. ಮೇಲೆ ಅಗಲವಾಗಿ ಕೆಳಗೆ ಕಿರಿದಾಗಿರುವ ಆಕಾರದ ಸೂಕ್ಷ್ಮವೇನೆಂದರೆ, ಮೊದಲಿನ ಸ್ವಲ್ಪ ರಕ್ತವೂ ಚೀಲದ ತುದಿಯಲ್ಲಿ ಗಮನಾರ್ಹವಾದ ಎತ್ತರಕ್ಕೆ ಏರುವುದರಿಂದ, ಗೆರೆಯನ್ನು ಓದುವ ಕಣ್ಣು ಮೋಸಹೋಗುವುದು ಕಡಿಮೆ. ಒಂದು ಗಂಟೆ ಹೊತ್ತು, ಸ್ರಾವ ನಿಲ್ಲದಿದ್ದರೆ ಎರಡು ಗಂಟೆ, ಚೀಲವನ್ನು ಹಾಗೆಯೇ ಬಿಟ್ಟು ಅಂಕಿಯನ್ನು ಬರೆದುಕೊಳ್ಳುವುದು ಕ್ರಮ.

ಬೆಳಗಾವಿಯ ಜಿಲ್ಲಾ ಆಸ್ಪತ್ರೆಯಲ್ಲಿ 123 ಮಂದಿ ಬಾಣಂತಿಯರಲ್ಲಿ ಇದನ್ನು ಒರೆಗೆ ಹಚ್ಚಿದಾಗ, ಕಣ್ಣಂದಾಜು ಹಾಳೆಯ ಅಳತೆಗಿಂತ ಶೇಕಡ 33ರಷ್ಟು ಕಡಿಮೆ ಹೇಳುತ್ತದೆಂದು ತಿಳಿದುಬಂದಿತು. ಬೆಳಕಿನ ಹೀರಿಕೆಯಿಂದ ರಕ್ತವರ್ಣದ (ಹಿಮೊಗ್ಲೋಬಿನ್) ಪ್ರಮಾಣವನ್ನು ನಿರ್ಣಯಿಸುವ ವರ್ಣಪಟಲ ವಿಧಾನಕ್ಕೂ ಹಾಳೆಗೂ ಬಹುಮಟ್ಟಿಗೆ ತಾಳೆ ಬಿದ್ದಿತು. ಮೂರರಲ್ಲಿ ಒಂದು ಪಾಲು ರಕ್ತ ನೋಡುವವರ ಕಣ್ಣೆದುರಿಗೇ ಕಾಣದೆ ಹೋಗುತ್ತಿತ್ತೆಂದರೆ, ಅದಕ್ಕೆ ಹಿಂದಿನ ಪ್ರಸವೋತ್ತರ ರಕ್ತಸ್ರಾವದ ಅಂಕಿಸಂಖ್ಯೆಗಳನ್ನು ಎಷ್ಟರ ಮಟ್ಟಿಗೆ ನಂಬಬೇಕೆಂಬುದು ವಿಚಾರಾರ್ಹ. ಇದೇ ಜಾತಿಯ ಗೆರೆಹಾಕಿದ ಹಾಳೆಯನ್ನು ಕೀನ್ಯಾ, ನೈಜೀರಿಯಾ, ದಕ್ಷಿಣ ಆಫ್ರಿಕ ಮತ್ತು ಟಾನ್ಜಾನಿಯಗಳ 80 ಆಸ್ಪತ್ರೆಗಳಲ್ಲಿ, ಎರಡು ಲಕ್ಷಕ್ಕೂ ಮೇಲ್ಪಟ್ಟ ಹೆರಿಗೆಗಳಲ್ಲಿ, ಗರ್ಭಾಶಯದ ಮರ್ದನ, ಸಂಕೋಚಕ, ಟ್ರಾನೆಕ್ಸಾಮಿಕ್ ಆಮ್ಲ ಮತ್ತು ಸಲೈನುಗಳ ಒಟ್ಟು ಚಿಕಿತ್ಸೆಯೊಡನೆ ಕೂಡಿಸಿ ಪ್ರಯೋಗಿಸಿದ 2023ರ ‘ಇ-ಮೋಟಿವ್’ ಅಧ್ಯಯನದಲ್ಲಿ, ರಕ್ತಸ್ರಾವವನ್ನು ಗುರುತಿಸುವ ಪ್ರಮಾಣವು ಶೇಕಡ 51ರಿಂದ 93ಕ್ಕೆ ಏರಿದುದಲ್ಲದೆ, ಉಗ್ರಸ್ರಾವ, ಅದಕ್ಕಾಗಿ ಹೊಟ್ಟೆ ಕೊಯ್ಯುವ ಶಸ್ತ್ರಕ್ರಿಯೆ ಅಥವಾ ಮರಣ ಇವುಗಳ ಒಟ್ಟು ಪ್ರಮಾಣವು ಶೇಕಡ 4.3ರಿಂದ 1.6ಕ್ಕೆ ಇಳಿಯಿತು. ಆ ಅಧ್ಯಯನದಲ್ಲಿ ಹೊಸ ಔಷಧವೊಂದೂ ಇರಲಿಲ್ಲ.

ತಂಪನ್ನು ಬೇಡದ ಚುಚ್ಚುಮದ್ದಿನ ಕಡೆಗೂ ಪ್ರಯತ್ನ ಸಾಗಿತು. ಆಕ್ಸಿಟೋಸಿನ್ ಎಂಬುದು ಒಂಬತ್ತು ಅಮೈನೊ ಆಮ್ಲಗಳ ಸರಪಣಿ. ಅದರ ಒಂದು ಭಾಗವು ಎರಡು ಗಂಧಕ ಪರಮಾಣುಗಳ ಸೇತುವೆಯಿಂದ ಉಂಗುರವಾಗಿದೆ. ಬಿಸಿಗೆ ಮೊದಲು ಮುರಿದುಬೀಳುವ ಎಡೆಗಳಲ್ಲಿ ಈ ಸೇತುವೆಯೂ ಒಂದು. ಕಾರ್ಬೆಟೋಸಿನ್ ಎಂಬ ಸಂಬಂಧಿಕ ಅಣುವಿನಲ್ಲಿ ಒಂದು ಗಂಧಕದ ಸ್ಥಾನದಲ್ಲಿ ಇಂಗಾಲವಿದೆ; ಅದಕ್ಕೆ ಮ್ಯಾನಿಟಾಲ್, ಮೆಥಿಯೊನೀನ್ ಮತ್ತು ಸಕ್ಸಿನಿಕ್ ಆಮ್ಲಗಳ ಆಸರೆಯನ್ನು ಕೊಟ್ಟಾಗ ದ್ರಾವಣವು 30 ಡಿಗ್ರಿಯ ಉಷ್ಣತೆಯಲ್ಲಿ ಮೂರು ವರ್ಷ ಬಾಳುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಆಶ್ರಯದಲ್ಲಿ ಹತ್ತು ದೇಶಗಳ 23 ಆಸ್ಪತ್ರೆಗಳಲ್ಲಿ 29,645 ಸ್ತ್ರೀಯರ ಮೇಲೆ ನಡೆದು 2018ರಲ್ಲಿ ಪ್ರಕಟವಾದ ಪರೀಕ್ಷಣದಲ್ಲಿ ಬೆಳಗಾವಿಯೂ ಭಾಗಿ. 500 ಮಿಲಿಲೀಟರಿನ ಸ್ರಾವ ಅಥವಾ ಹೆಚ್ಚುವರಿ ಸಂಕೋಚಕದ ಅಗತ್ಯವು ಹೊಸ ಔಷಧದಲ್ಲಿ ಶೇಕಡ 14.5, ಹಳೆಯದರಲ್ಲಿ 14.4, ಅಂದರೆ ಎರಡೂ ಸಮಸಮ. ಒಂದು ಲೀಟರಿನ ಉಗ್ರಸ್ರಾವದ ಮಟ್ಟಿಗೆ ಅಂಕಿಗಳು ಹತ್ತಿರವಿದ್ದರೂ, ಸಂಖ್ಯಾಶಾಸ್ತ್ರವು ಬಯಸುವಷ್ಟು ಖಚಿತವಾಗಿ ಸಮತೆ ಸಿದ್ಧವಾಗಲಿಲ್ಲ. ಮರುವರ್ಷವೇ ಇದೂ ಅತ್ಯಾವಶ್ಯಕ ಔಷಧಗಳ ಪಟ್ಟಿಗೆ ಸೇರಿತು.

ಭೌತವಿಜ್ಞಾನದ ಪಾಲು ಹೆಚ್ಚು ಸ್ಪಷ್ಟವಾಗಿ ಕಾಣುವುದು ಇದೇ ಜಿಲ್ಲೆಯ ಗೋಕಾಕದಲ್ಲಿ. ‘ಕ್ರೇಡಲ್’ ಎಂಬ ಉಪಕರಣವು ತೋಳಿಗೆ ಸುತ್ತುವ ಪಟ್ಟಿಯೊಳಗಿನ ಗಾಳಿಯ ಒತ್ತಡದಲ್ಲಿ ನಾಡಿಯಿಂದುಂಟಾಗುವ ಕಿರುಕಂಪನಗಳನ್ನು ಗ್ರಹಿಸಿ ರಕ್ತದೊತ್ತಡವನ್ನು ಗಣಿಸುತ್ತದೆ. ಕೊರೊಟ್ಕಾಫ್ 1905ರಲ್ಲಿ ತೋರಿಸಿದಂತೆ ಕಿವಿಗೊಟ್ಟು ಸಪ್ಪಳ ಕೇಳುವ ಅಗತ್ಯ ಇದಕ್ಕಿಲ್ಲ. ಇದರ ವಿಶೇಷವೆಂದರೆ ನಾಡಿಯ ಸಂಖ್ಯೆಯನ್ನು ಸಂಕೋಚನದ ಒತ್ತಡದಿಂದ ಭಾಗಿಸಿ ಬರುವ ಆಘಾತಸೂಚಿ. ರಕ್ತ ಕಳೆದುಕೊಳ್ಳುತ್ತಿರುವ ದೇಹವು ಮೊದಲು ಹೃದಯವನ್ನು ಓಡಿಸಿ ಒತ್ತಡವನ್ನು ಹಾಗೂ ಹೀಗೂ ಕಾಪಾಡಿಕೊಳ್ಳುವುದರಿಂದ, ಎರಡನ್ನೂ ಬೇರೆ ಬೇರೆ ನೋಡಿದರೆ ಗಾಬರಿಯಾಗುವಂಥದೇನೂ ಕಾಣದು. ನಾಡಿ 105, ಒತ್ತಡ 100 ಎಂಬಲ್ಲಿ ಎರಡೂ ಅಂಕಿಗಳು ಸಾಧಾರಣವಾಗಿ ತೋರಿದರೂ ಭಾಗಲಬ್ಧವು ಒಂದನ್ನು ದಾಟಿರುತ್ತದೆ. ಸೂಚಿಯು 0.9ನ್ನು ಮುಟ್ಟಿದರೆ ಹಳದಿ ದೀಪ, 1.7ನ್ನು ಮುಟ್ಟಿದರೆ ಕೆಂಪು. ಅಕ್ಷರ ಬಾರದವರಿಗೂ ತಿಳಿಯುತ್ತದೆ. ಮೊಬೈಲಿನ ಚಾರ್ಜರೇ ಇದಕ್ಕೂ ಸಾಕು. ಎಂಟು ದೇಶಗಳ ಹತ್ತು ಸ್ಥಳಗಳಲ್ಲಿ, ಐದು ಲಕ್ಷಕ್ಕೂ ಹೆಚ್ಚು ಹೆರಿಗೆಗಳ ನಡುವೆ ನಡೆದು 2019ರಲ್ಲಿ ವರದಿಯಾದ ಅಧ್ಯಯನದ ಭಾರತೀಯ ಸ್ಥಳ ಗೋಕಾಕವಾಗಿದ್ದಿತು. ಮರಣ ಮತ್ತು ಗಂಡಾಂತರಗಳು ಒಟ್ಟಿನಲ್ಲಿ ಇಳಿದುವು ನಿಜ. ಆದರೆ ಕಾಲಕ್ರಮದಲ್ಲಿ ಎಲ್ಲೆಡೆಯೂ ಆಗುತ್ತಿದ್ದ ಇಳಿತವನ್ನು ಕಳೆದುನೋಡಿದಾಗ, ಅದು ಉಪಕರಣದಿಂದಲೇ ಆದುದೆಂದು ಸಾಧಿಸಲಾಗಲಿಲ್ಲ.

ಹೀಗೆ ನಿರೀಕ್ಷೆ ಕೈಗೂಡದ ಪರೀಕ್ಷಣಗಳು ಈ ಪರಂಪರೆಯಲ್ಲಿ ಹಲವಿವೆ; ಅವನ್ನು ಮುಚ್ಚಿಡದೆ ಅಚ್ಚುಮಾಡಿದುದು ಈ ಕೇಂದ್ರದ ಪ್ರಾಮಾಣಿಕತೆಗೆ ಸಾಕ್ಷಿ. ಬೆಳಗಾವಿ ಮತ್ತು ಬಾಗಲಕೋಟೆ ಜಿಲ್ಲೆಗಳ 12 ವಿಭಾಗಗಳಲ್ಲಿ, ಬಸಿರಿನಲ್ಲಿ ರಕ್ತದೊತ್ತಡವೇರಿ ಮೂರ್ಛೆಗೆ ತಿರುಗುವ ರೋಗವನ್ನು ಆಶಾ ಕಾರ್ಯಕರ್ತೆಯರ ಮೂಲಕ ಮನೆಬಾಗಿಲಲ್ಲಿಯೇ ಪತ್ತೆಹಚ್ಚಿಸಿದ ‘ಕ್ಲಿಪ್’ ಪರೀಕ್ಷಣವು, ಮೊಜಾಂಬಿಕ್ ಮತ್ತು ಪಾಕಿಸ್ತಾನಗಳ ಅಂಕಿಗಳೊಡನೆ ಕೂಡಿ 2020ರಲ್ಲಿ ಪ್ರಕಟವಾದಾಗ, ಒಟ್ಟು ಅಪಾಯವನ್ನು ತಗ್ಗಿಸಿದುದಾಗಿ ಕಾಣಲಿಲ್ಲ. 2010ರಲ್ಲಿ ಪ್ರಕಟವಾದ, ಹೆರಿಗೆ ಮಾಡಿಸುವವರಿಗೆ ನವಜಾತ ಶಿಶುವಿನ ಆರೈಕೆಯನ್ನು ಕಲಿಸಿದ ಆರು ದೇಶಗಳ ಅಧ್ಯಯನದಲ್ಲಿ, ಮೊದಲ ವಾರದ ಶಿಶುಮರಣ ಇಳಿಯಲಿಲ್ಲವಾದರೂ, ಸತ್ತು ಹುಟ್ಟಿತೆಂದು ದಾಖಲಾಗುವ ಶಿಶುಗಳ ಸಂಖ್ಯೆಯು ಸಾವಿರಕ್ಕೆ 23.0ರಿಂದ 15.9ಕ್ಕೆ ಇಳಿಯಿತು. ಅಳದೆ ಹುಟ್ಟಿದ ಕೂಸನ್ನು ಮೊದಲಾದರೆ ಬಟ್ಟೆಯಲ್ಲಿ ಸುತ್ತಿ ಬದಿಗಿಡುತ್ತಿದ್ದರು. ಉಸಿರು ಊದಲು ಕಲಿತ ಕೈಗಳು ಅವುಗಳಲ್ಲಿ ಕೆಲವನ್ನು ಉಳಿಸಿಕೊಂಡುವೆಂದು ಇದನ್ನು ಅರ್ಥೈಸಬಹುದು.

ಎಲ್ಲಕ್ಕಿಂತ ವಿಚಾರಪ್ರಚೋದಕವಾದುದು ದಿನ ತುಂಬುವ ಮುನ್ನ ಹುಟ್ಟುವ ಕೂಸುಗಳ ಶ್ವಾಸಕೋಶವನ್ನು ಹದಗೊಳಿಸಲು ತಾಯಿಗೆ ಕೊಡುವ ಸ್ಟೀರಾಯ್ಡಿನ ಪ್ರಕರಣ. ಬೆಳಗಾವಿ ಮತ್ತು ನಾಗಪುರಗಳನ್ನೊಳಗೊಂಡು ಆರು ದೇಶಗಳಲ್ಲಿ ನಡೆದು 2015ರಲ್ಲಿ ಪ್ರಕಟವಾದ ‘ಆ್ಯಕ್ಟ್’ ಪರೀಕ್ಷಣವು ಈ ಔಷಧವನ್ನು ಹಳ್ಳಿಗಳ ಮಟ್ಟಕ್ಕೆ ಒಯ್ದಿತು. ಅತಿ ಸಣ್ಣ ಕೂಸುಗಳಿಗೆ ಅದರಿಂದ ಪ್ರಯೋಜನವಾಗಲಿಲ್ಲ; ಒಟ್ಟು ಜನಸಮುದಾಯದಲ್ಲಿ ಮೊದಲ 28 ದಿನಗಳ ಶಿಶುಮರಣವು ಸಾವಿರಕ್ಕೆ 23.9ರ ಬದಲು 27.4 ಆಗಿ ಹೆಚ್ಚೇ ಆಯಿತು. ಐದು ವರ್ಷಗಳ ತರುವಾಯ, ಬೆಳಗಾವಿಯೂ ಸೇರಿದಂತೆ ಭಾರತ, ಬಾಂಗ್ಲಾದೇಶ, ಕೀನ್ಯಾ, ನೈಜೀರಿಯಾ, ಪಾಕಿಸ್ತಾನಗಳ 29 ಆಸ್ಪತ್ರೆಗಳಲ್ಲಿ 2852 ಸ್ತ್ರೀಯರಿಗೆ ಅದೇ ಸ್ಟೀರಾಯ್ಡಾದ ಡೆಕ್ಸಾಮೆಥಸೋನ್ ಅಥವಾ ಹುಸಿಮದ್ದನ್ನು ಕೊಟ್ಟು ನೋಡಿದಾಗ ಶಿಶುಮರಣವು ಶೇಕಡ 23.5ರಿಂದ 19.6ಕ್ಕೆ ಇಳಿಯಿತು. ಔಷಧ ಒಂದೇ, ಫಲ ವಿಪರೀತ. ವ್ಯತ್ಯಾಸದ ದೊಡ್ಡ ಪಾಲನ್ನು ಅಳತೆಯಲ್ಲಿಯೇ ಹುಡುಕಬೇಕೆಂದು ಈ ಲೇಖಕನ ಅಭಿಪ್ರಾಯ: ಮೊದಲನೆಯದರಲ್ಲಿ, ಮುಟ್ಟು ನಿಂತ ದಿನ ನೆನಪಿಲ್ಲದವಳ ಬಸಿರಿನ ವಯಸ್ಸನ್ನು ಹೊಟ್ಟೆಯ ಮೇಲೆ ಬಣ್ಣದ ಟೇಪು ಹಿಡಿದು ಎಣಿಸಲಾಗುತ್ತಿತ್ತು, ಆದ್ದರಿಂದ ದಿನ ತುಂಬಿದ ಬಸುರಿಯರಿಗೂ ಔಷಧ ಸಂದಿತು; ಎರಡನೆಯದರಲ್ಲಿ ಅಲ್ಟ್ರಾಸೌಂಡಿನ ಪ್ರತಿಧ್ವನಿಯಿಂದ ವಯಸ್ಸನ್ನು ನಿಶ್ಚಯಿಸಿಕೊಂಡು, ಕೂಸಿನ ಆರೈಕೆಗೆ ಅನುಕೂಲವಿರುವ ಆಸ್ಪತ್ರೆಗಳಲ್ಲಿ ಮಾತ್ರ ಕೊಡಲಾಯಿತು. ಹೆಣ್ಣುಭ್ರೂಣದ ಹತ್ಯೆಗೆ ದುರ್ಬಳಕೆಯಾದ ಕಾರಣ 1994ರ ಕಾನೂನಿನ ಬಿಗಿಯಲ್ಲಿರುವ ಯಂತ್ರವೇ ಇಲ್ಲಿ ಕೂಸಿಗೆ ರಕ್ಷಕವಾದುದು ಒಂದು ವಿಪರ್ಯಾಸ.

ಇತ್ತೀಚಿನ ಎರಡು ಯಶಸ್ಸುಗಳನ್ನು ಸಂಕ್ಷೇಪವಾಗಿ ಹೇಳಿದರೆ ಸಾಕು. ಚೊಚ್ಚಲ ಬಸುರಿಯರು 11,976 ಮಂದಿಗೆ ಆರು ದೇಶಗಳಲ್ಲಿ ದಿನಕ್ಕೆ 81 ಮಿಲಿಗ್ರಾಂ ಆಸ್ಪಿರಿನ್ ಅಥವಾ ಹುಸಿಗುಳಿಗೆಯನ್ನು ಮೊದಲ ತಿಂಗಳುಗಳಿಂದಲೇ ಕೊಟ್ಟ ಪರೀಕ್ಷಣದಲ್ಲಿ (2020) ಅಕಾಲಪ್ರಸವವು ಶೇಕಡ 13.1ರಿಂದ 11.6ಕ್ಕೆ ಇಳಿಯಿತು. ಹೆರಿಗೆನೋವಿನಲ್ಲಿರುವಾಗ ಒಂದೇ ಸಲ 2 ಗ್ರಾಂ ಅಜಿತ್ರೊಮೈಸಿನ್ ನುಂಗಿಸಿದ, 29,278 ಸ್ತ್ರೀಯರ ಪರೀಕ್ಷಣದಲ್ಲಿ (2023) ತಾಯಂದಿರ ನಂಜು ಅಥವಾ ಮರಣವು ಶೇಕಡ 2.4ರಿಂದ 1.6ಕ್ಕೆ ಇಳಿಯಿತು, ಶಿಶುಗಳಿಗೆ ಲಾಭ ಕಾಣಲಿಲ್ಲ. ಎರಡರಲ್ಲಿಯೂ ಬೆಳಗಾವಿಯು ಪಾಲುಗೊಂಡಿತು. ಔಷಧಗಳೆರಡೂ ಯಾವ ತಾಲೂಕಿನ ಅಂಗಡಿಯಲ್ಲಾದರೂ ಸಿಗುವಂಥವು.

ಈಗ ಗಮನವು ಮೂಲಕ್ಕೆ, ಎಂದರೆ ರಕ್ತ ಸೋರುವ ಮೊದಲೇ ರಕ್ತ ಕಡಿಮೆಯಿರುವ ಬಸುರಿಯ ಕಡೆಗೆ ತಿರುಗಿದೆ. ಕೆಂಪುಗುಳಿಗೆಯನ್ನು ತಿಂಗಳುಗಟ್ಟಲೆ ನುಂಗುವುದು ಬಾಯಿರುಚಿ ಕೆಟ್ಟು, ಮಲಬದ್ಧತೆಯಾಗಿ, ಬಹಳ ಮಂದಿಗೆ ಸಾಗದು. ಬರಿಯ ಕಬ್ಬಿಣದ ಲವಣವನ್ನು ರಕ್ತನಾಳಕ್ಕೆ ಏರಿಸಿದರೆ ವಿಷವಾಗುತ್ತದೆ. ಆದಕಾರಣ ದ್ರವ್ಯವಿಜ್ಞಾನಿಗಳು ಕಬ್ಬಿಣದ ಆಕ್ಸಿಹೈಡ್ರಾಕ್ಸೈಡಿನ ಅತಿಸೂಕ್ಷ್ಮ ಕಣವನ್ನು ಶರ್ಕರದ ಕವಚದಲ್ಲಿ ಬಂಧಿಸಿದರು. ಯಕೃತ್ತು ಮತ್ತು ಪ್ಲೀಹಗಳ ಭಕ್ಷಕ ಕೋಶಗಳು ಈ ಕಣವನ್ನು ಒಳಗೊಂಡು, ಕವಚವನ್ನು ಕರಗಿಸಿ, ಕಬ್ಬಿಣವನ್ನು ತಡೆತಡೆದು ಹೊರಬಿಡುತ್ತವೆ. ಕವಚ ಗಟ್ಟಿಯಾದಷ್ಟೂ ಒಮ್ಮೆಗೆ ಕೊಡಬಹುದಾದ ಪ್ರಮಾಣ ಹೆಚ್ಚು. ಒಂದೇ ಬಾಟಲಿಯಲ್ಲಿ 1000 ಮಿಲಿಗ್ರಾಮನ್ನು ಏರಿಸುವುದು ಇಂದು ಸಾಧ್ಯವಾಗಿದೆ. ಇಂಥ ಎರಡು ಬಗೆಯ ಕಬ್ಬಿಣವನ್ನು ಗುಳಿಗೆಯೊಡನೆ ಹೋಲಿಸಲು, ರಕ್ತವರ್ಣವು ಡೆಸಿಲೀಟರಿಗೆ 7ರಿಂದ 9.9 ಗ್ರಾಮಿನೊಳಗಿರುವ 4320 ಬಸುರಿಯರನ್ನು ಉದ್ದೇಶಿಸಿ, ಕರ್ನಾಟಕ ಮತ್ತು ರಾಜಸ್ಥಾನಗಳಲ್ಲಿ 2021ರಲ್ಲಿ ‘ರ‍್ಯಾಪಿಡ್ ಐರನ್’ ಎಂಬ ಪರೀಕ್ಷಣವನ್ನು ಬೆಳಗಾವಿಯ ಸಂಶೋಧಕರು ಡರ್ಮನ್ನರ ಜೊತೆಗೂಡಿ ಆರಂಭಿಸಿದರು. ಆ ತಾಯಂದಿರ ಮಕ್ಕಳ ಬುದ್ಧಿ ಮತ್ತು ಚಲನೆಗಳ ಬೆಳವಣಿಗೆಯನ್ನು ಹುಟ್ಟಿನಿಂದಾಚೆಗೂ ಅನುಸರಿಸಿ ನೋಡುವ ಉಪಾಧ್ಯಯನವೊಂದು ಅದಕ್ಕೆ ಹೊಂದಿಕೊಂಡಿದೆ.